ಪೆರೊವ್‌ಸ್ಕೈಟ್ ಬ್ಲೇಡ್ ಕೋಟಿಂಗ್: ಅಡಿಟಿವ್ ಹಾಕಿದ ಮೇಲೆ ಹರಳು ದೊಡ್ಡದಾಯಿತು, ಸೆಲ್ ಮಾತ್ರ ಇನ್ನೂ ಕೆಟ್ಟಿತು. ಯಾಕೆ?

ಕಡಲತಡಿ:

ಎಲ್ಲರಿಗೂ ನಮಸ್ಕಾರ. ಕರಾವಳಿಯ ಒಂದು ಕಾಲೇಜಿನಲ್ಲಿ ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ, ಪೆರೊವ್‌ಸ್ಕೈಟ್ ಸೋಲಾರ್ ಸೆಲ್, ಅಂದರೆ ಪೆರೊವ್‌ಸ್ಕೈಟ್ ಅನ್ನುವ ಹರಳಿನ ತೆಳು ಪದರ ಬೆಳಕು ಹೀರಿ ಕರೆಂಟ್ ಕೊಡುವ ಸೆಲ್, ನನ್ನ ಕೆಲಸ. ಮೂರು ತಿಂಗಳಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಇಲ್ಲಿ ಪ್ರಿಂಟಿಂಗ್ ಕಡೆ ಕೆಲಸ ಮಾಡುವವರು ಕೆಲವರಿದ್ದಾರೆ ಅಂತ ಗೊತ್ತು, ಅದಕ್ಕೇ ಎಲ್ಲ ವಿವರ ಹಾಕಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಗ್ಲೋವ್ ಬಾಕ್ಸ್ (ಹೊರಗಿನ ಗಾಳಿ, ತೇವ ಬರದ ಮುಚ್ಚಿದ ಪೆಟ್ಟಿಗೆ) ಒಳಗೆ ಸ್ಪಿನ್ ಕೋಟಿಂಗ್ ಮಾಡಿ, ಅಂದರೆ ಗಾಜನ್ನು ಗಿರಗಿರ ತಿರುಗಿಸಿ ಇಂಕು ಹರಡಿ, ಮಧ್ಯದಲ್ಲಿ ಕ್ಲೋರೋಬೆಂಜೀನ್ ಹನಿಸಿದರೆ ನಮ್ಮ ಸೆಲ್‌ಗಳ ದಕ್ಷತೆ 18% ವರೆಗೆ ಬರುತ್ತದೆ. ಇಂಕು (ಪೆರೊವ್‌ಸ್ಕೈಟ್ ಆಗುವ ಸರಕು ಕರಗಿಸಿದ ದ್ರವ) ಫಾರ್ಮಮಿಡಿನಿಯಂ ಮತ್ತು ಸೀಸಿಯಂ ಇರುವ ಲೆಡ್ ಅಯೊಡೈಡ್‌ದು. ಅದನ್ನು ಕರಗಿಸುವ ದ್ರವಗಳು, ಅಂದರೆ ಸಾಲ್ವೆಂಟ್‌ಗಳು, ಡಿಎಂಎಫ್ ನಾಲ್ಕು ಪಾಲು, ಡಿಎಂಎಸ್‌ಒ ಒಂದು ಪಾಲು. ಕೆಳಗಿನ ಪದರ ಟಿನ್ ಆಕ್ಸೈಡ್. ಆದರೆ ಸ್ಪಿನ್ ಮಾಡುವಾಗ ಹಾಕಿದ ಇಂಕಿನ ಬಹುಪಾಲು ಸುಮ್ನೆ ಹೊರಗೆ ಹಾರಿ ಹೋಗುತ್ತದೆ. ದೊಡ್ಡ ಗಾಜಿನ ಮೇಲೆ ಸಮನಾಗಿ ಕೂರುವುದೂ ಇಲ್ಲ. ಹಾಗಾಗಿ ಗೈಡ್ ಅದೇ ಇಂಕನ್ನು ಬ್ಲೇಡ್ ಕೋಟಿಂಗ್‌ನಲ್ಲಿ, ಅಂದರೆ ಬ್ಲೇಡಿನಿಂದ ಗಾಜಿನ ಮೇಲೆ ಎಳೆದು ಸವರಿ, ಹಾಕಿ ನೋಡು ಅಂದರು.

ಹಾಕಿದೆ. ಒಣಗಿದ ಮೇಲೆ ಪದರ ಮಂಜು ಮುಸುಕಿದ ಹಾಗೆ ಕಾಣುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಉದ್ದುದ್ದ ಸೂಜಿಗಳು, ಗರಿಕೆ ಹುಲ್ಲು ಹರಡಿಕೊಂಡ ಹಾಗೆ, ನಡುನಡುವೆ ಬರಿ ಗಾಜು. ಸೆಲ್ 11% ದಾಟುವುದಿಲ್ಲ. ಪೇಪರ್‌ಗಳಲ್ಲಿ ಓದಿ ಮೀಥೈಲ್ ಅಮೋನಿಯಂ ಕ್ಲೋರೈಡ್ ಅನ್ನುವ ಅಡಿಟಿವ್ (ಇಂಕಿಗೆ ಬೆರೆಸುವ ಹೆಚ್ಚುವರಿ ವಸ್ತು) ಹಾಕಿದೆ. ಮೊದಲು ಲೆಡ್‌ಗೆ ಹೋಲಿಸಿ 10 ಮೋಲ್ ಶೇಕಡಾ, ಆಮೇಲೆ 20, ಈಗ 40. ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರದಲ್ಲಿ ಗ್ರೇನ್‌ಗಳು, ಅಂದರೆ ಪದರದ ಒಂದೊಂದು ಹರಳು, ಒಂದು ಮೈಕ್ರಾನ್‌ಗಿಂತ ದೊಡ್ಡವಾಗಿವೆ, ಮೇಲಿನಿಂದ ನೋಡಿದರೆ ತುಂಬಾ ಚೆನ್ನಾಗಿದೆ. ಆದರೆ ಸೆಲ್ 9%ಕ್ಕೆ ಇಳಿಯಿತು. ಐದರಲ್ಲಿ ಎರಡು ಶಾರ್ಟ್ ಆಗುತ್ತವೆ.

ಗ್ರೇನ್ ದೊಡ್ಡದಾದರೆ ಒಳ್ಳೆಯದು ಅಂತ ತಾನೇ ಎಲ್ಲರೂ ಬರೆಯುವುದು? ಹಾಗಾದರೆ ಅಡಿಟಿವ್ ನಿಜಕ್ಕೂ ಒಳಗೆ ಏನು ಮಾಡುತ್ತಿದೆ? ಬೇರೆ ಅಡಿಟಿವ್‌ಗೆ ಹೋಗಬೇಕಾ, ಇದನ್ನೇ ಇನ್ನೂ ಜಾಸ್ತಿ ಮಾಡಬೇಕಾ? ಇನ್ನೊಂದು ವಿಷಯ, ನಮ್ಮ ಬ್ಲೇಡ್ ಕೋಟರ್ ಗ್ಲೋವ್ ಬಾಕ್ಸ್ ಹೊರಗಿದೆ. ಇಲ್ಲಿ ಮಳೆ ಜೋರು, ಎಸಿ ಹಾಕಿದರೂ ರೂಮಿನಲ್ಲಿ ತೇವ 55 ಶೇಕಡಾಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಒದ್ದೆಪದರ:

ನಾನು ಐದು ವರ್ಷದಿಂದ ಬ್ಲೇಡ್ ಮತ್ತು ಸ್ಲಾಟ್ ಡೈ ಕೋಟಿಂಗ್ ಮಾಡುತ್ತಿದ್ದೇನೆ, ಈಗ ಬೆಂಗಳೂರಿನಲ್ಲಿದ್ದೇನೆ. ನಿಮ್ಮ ಸೂಜಿಗಳ ವರ್ಣನೆ ಓದಿದ ಕೂಡಲೇ ಗುರುತು ಸಿಕ್ಕಿತು. ನಿಮ್ಮ ತೊಂದರೆ ಶುರುವಾಗುವುದು ಅಡಿಟಿವ್‌ಗಿಂತ ಮುಂಚೆ, ಇಂಕು ಒಣಗುವ ಹಂತದಲ್ಲಿ.

ಸ್ಪಿನ್ ಮಾಡುವಾಗ ಕ್ಲೋರೋಬೆಂಜೀನ್ ಬಿದ್ದ ಕ್ಷಣಕ್ಕೆ ಏನಾಗುತ್ತದೆ ನೋಡಿ. ಲೆಡ್ ಅಯೊಡೈಡ್ ಅದರಲ್ಲಿ ಕರಗುವುದಿಲ್ಲ. ಹಾಗಾಗಿ ಇಡೀ ಪದರ ಒಂದೇ ಏಟಿಗೆ ಕರಗುವ ಮಿತಿಯನ್ನು ದಾಟಿಬಿಡುತ್ತದೆ, ಎಲ್ಲ ಕಡೆ ಒಟ್ಟಿಗೆ ಲಕ್ಷಗಟ್ಟಲೆ ಹರಳಿನ ಬೀಜ ಹುಟ್ಟುತ್ತವೆ, ಒಂದಕ್ಕೊಂದು ತಾಗಿಕೊಂಡು ಬೆಳೆಯುತ್ತವೆ, ಖಾಲಿ ಜಾಗ ಉಳಿಯುವುದಿಲ್ಲ. ಬ್ಲೇಡ್‌ನಲ್ಲಿ ಆ ಏಟು ಇಲ್ಲ. ಕೆಲವು ಮೈಕ್ರಾನ್ ದಪ್ಪದ ಒದ್ದೆ ಪದರ ಹಾಗೇ ಕೂತಿರುತ್ತದೆ. ಡಿಎಂಎಫ್ 153 ಡಿಗ್ರಿಗೆ ಕುದಿಯುವ ದ್ರವ, ಡಿಎಂಎಸ್‌ಒ 189 ಡಿಗ್ರಿಗೆ. ಎರಡೂ ನಿಧಾನಕ್ಕೆ ಹೋಗುವಂಥವು, ಅದರಲ್ಲೂ ಡಿಎಂಎಸ್‌ಒ ಲೆಡ್ ಅನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಪದರ ಮಿತಿಯನ್ನು ಸ್ವಲ್ಪ ಸ್ವಲ್ಪವೇ ದಾಟುತ್ತದೆ. ಆಗ ಎಲ್ಲೋ ಒಂದೆರಡು ಬೀಜ ಹುಟ್ಟುತ್ತವೆ, ಅವು ಸುತ್ತಲಿನ ಸರಕನ್ನೆಲ್ಲ ಎಳೆದುಕೊಂಡು ಉದ್ದಕ್ಕೆ ಬೆಳೆಯುತ್ತವೆ. ನೀವು ನೋಡಿದ ಸೂಜಿ ಆ ಹೊತ್ತಿನಲ್ಲಿ ಪೆರೊವ್‌ಸ್ಕೈಟ್ ಆಗಿಯೇ ಇರುವುದಿಲ್ಲ. ಸಾಲ್ವೆಂಟ್ ಒಳಗೆ ಸೇರಿಕೊಂಡ ಮಧ್ಯದ ಹಂತದ ಹರಳು ಅದು. ಬಿಸಿ ಮಾಡಿದಾಗ ಸಾಲ್ವೆಂಟ್ ಬಿಟ್ಟುಹೋಗಿ ಪೆರೊವ್‌ಸ್ಕೈಟ್ ಆಗುತ್ತದೆ, ಆದರೆ ಸೂಜಿಯ ಆಕಾರ ಹಾಗೇ ಉಳಿಯುತ್ತದೆ.

ಈಗ ಅಡಿಟಿವ್ ವಿಷಯ. ಅಡಿಟಿವ್ ಅಂದ ಕೂಡಲೇ ಗ್ರೇನ್ ದೊಡ್ಡದು ಮಾಡುವ ಪುಡಿ ಅಂತ ತಿಳಿದುಕೊಂಡರೆ ದಾರಿ ತಪ್ಪುತ್ತದೆ. ನಾನು ಪ್ರತಿ ಅಡಿಟಿವ್‌ಗೂ ಎರಡು ಪ್ರಶ್ನೆ ಕೇಳುತ್ತೇನೆ. ಇದು ಹರಳು ಹುಟ್ಟುವ ಹೊತ್ತನ್ನು ಮುಂದಕ್ಕೆ ತಳ್ಳುತ್ತದಾ, ಹಿಂದಕ್ಕೆ ಎಳೆಯುತ್ತದಾ? ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ?

ಡಿಎಂಎಸ್‌ಒ, ಥಯೋಯೂರಿಯಾ ಥರದವು ಲೆಡ್‌ಗೆ ಅಂಟಿಕೊಂಡು ಹರಳಾಗುವುದನ್ನು ತಡ ಮಾಡುತ್ತವೆ. ತಡ ಆಗುವುದು ಒಳ್ಳೆಯದೇ, ಆದರೆ ಬೀಜ ಸಾಕಷ್ಟು ಹುಟ್ಟಿದ ಮೇಲೆ ಮಾತ್ರ. ಬೀಜ ಹುಟ್ಟುವುದೇ ತಡವಾದರೆ ಸೂಜಿ ಗ್ಯಾರಂಟಿ. ಮೀಥೈಲ್ ಅಮೋನಿಯಂ ಕ್ಲೋರೈಡ್ ಬೇರೆ ಜಾತಿ. ಫಾರ್ಮಮಿಡಿನಿಯಂ ಲೆಡ್ ಅಯೊಡೈಡ್‌ಗೆ ಸಾಮಾನ್ಯ ಬಿಸಿಯಲ್ಲಿ ಹಳದಿ ರೂಪವೇ ಇಷ್ಟ, ಅದು ಸೋಲಾರ್‌ಗೆ ಉಪಯೋಗವಿಲ್ಲ. ಕಪ್ಪು ರೂಪಕ್ಕೆ ತರಲು 150 ಡಿಗ್ರಿ ಆಸುಪಾಸು ಬೇಕು. ಈ ಕ್ಲೋರೈಡ್ ಇದ್ದರೆ ಕಪ್ಪು ರೂಪ ಬೇಗ ಮತ್ತು ಸುಲಭವಾಗಿ ಬರುತ್ತದೆ, ಮಧ್ಯದ ಹಂತ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ, ಗ್ರೇನ್‌ಗಳು ಒಂದನ್ನೊಂದು ನುಂಗಿ ದೊಡ್ಡವಾಗುತ್ತವೆ. ಆಮೇಲೆ ಬಿಸಿಯಲ್ಲಿ ಅದರ ಬಹುಪಾಲು ಆವಿಯಾಗಿ ಹೊರಟು ಹೋಗುತ್ತದೆ. ಹೊರಟು ಹೋಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ. 40 ಶೇಕಡಾ ಹಾಕಿದರೆ ಅಷ್ಟು ಸರಕು ಪದರದ ಒಳಗಿಂದ ಖಾಲಿಯಾಗಬೇಕು. ಬ್ಲೇಡ್ ಪದರ ಒಣಗುವುದು ಮೇಲಿನಿಂದ. ಮೇಲೆ ಹರಳಿನ ಹೊದಿಕೆ ಮೊದಲು ಕಟ್ಟಿಕೊಂಡರೆ ಕೆಳಗಿನ ಡಿಎಂಎಸ್‌ಒ ಮತ್ತು ಕ್ಲೋರೈಡ್ ಒಳಗೇ ಸಿಕ್ಕಿಬೀಳುತ್ತವೆ. ಅವು ಕೊನೆಗೆ ಹೇಗೋ ಹೊರಬಿದ್ದಾಗ ಅಡಿಯಲ್ಲಿ ಗುಳಿಗಳು ಉಳಿಯುತ್ತವೆ. ಮೇಲಿನಿಂದ ತೆಗೆದ ಎಸ್‌ಇಎಂ ಚಿತ್ರದಲ್ಲಿ ಅವು ಕಾಣುವುದೇ ಇಲ್ಲ.

ಇದು ನಿಮಗೊಬ್ಬರಿಗೇ ಬಂದ ತೊಂದರೆ ಅಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಜಿನ್‌ಸಾಂಗ್ ಹುವಾಂಗ್ ಗುಂಪು 2021ರಲ್ಲಿ ಇದನ್ನೇ ತೋರಿಸಿತು. ಬ್ಲೇಡ್ ಪದರದ ಅಡಿಯಲ್ಲಿ ಸಿಕ್ಕಿಬಿದ್ದ ಡಿಎಂಎಸ್‌ಒದಿಂದ ಗುಳಿ ಬೀಳುತ್ತದೆ, ಬಿಸಿಲಿಗೆ ಇಟ್ಟಾಗ ಸೆಲ್ ಕೆಡುವುದು ಅಲ್ಲಿಂದಲೇ ಶುರುವಾಗುತ್ತದೆ ಅಂತ. ಅವರು ಡಿಎಂಎಸ್‌ಒದ ಒಂದು ಭಾಗ ತೆಗೆದು ಆ ಜಾಗಕ್ಕೆ ಕಾರ್ಬೊಹೈಡ್ರಜೈಡ್ ಅನ್ನುವ ಘನ ವಸ್ತು ಹಾಕಿದರು. ಅದೂ ಲೆಡ್ ಅನ್ನು ಹಿಡಿಯುತ್ತದೆ, ಆದರೆ ದ್ರವದ ಹಾಗೆ ಜಾಗ ಬಿಟ್ಟು ಓಡಿಹೋಗುವುದಿಲ್ಲ. 50 ಚದರ ಸೆಂಟಿಮೀಟರ್ ಮಾಡ್ಯೂಲ್‌ನಲ್ಲಿ 19.2% ಬಂತು. ಆ ಪೇಪರ್ ಓದಿದ ಮೇಲೆ ನಾನು ಮೇಲಿನ ಚಿತ್ರ ಒಂದನ್ನೇ ನಂಬುವುದು ಬಿಟ್ಟೆ.

ಹಾಗಾಗಿ ಮೊದಲು ಒಂದು ಕೆಲಸ ಮಾಡಿ. ಪದರದ ಮೇಲೆ ಎಪಾಕ್ಸಿ ಅಂಟು ಹಾಕಿ ಇನ್ನೊಂದು ಗಾಜು ಒತ್ತಿ, ಗಟ್ಟಿಯಾದ ಮೇಲೆ ಕಿತ್ತು, ಅಡಿಭಾಗವನ್ನು ಎಸ್‌ಇಎಂನಲ್ಲಿ ನೋಡಿ. ಜೊತೆಗೆ ಎಕ್ಸ್‌ಆರ್‌ಡಿ (ಎಕ್ಸ್‌ರೇ ಹಾಯಿಸಿ ಯಾವ ಹರಳಿದೆ ಅಂತ ನೋಡುವ ಪರೀಕ್ಷೆ) ತೆಗೆಯಿರಿ. 12.7 ಡಿಗ್ರಿಯಲ್ಲಿ ಪೀಕ್ ಇದ್ದರೆ ಲೆಡ್ ಅಯೊಡೈಡ್ ಉಳಿದಿದೆ, 11.8ರಲ್ಲಿದ್ದರೆ ಹಳದಿ ರೂಪ, 14ರ ಹತ್ತಿರ ಇರುವುದು ನಿಮಗೆ ಬೇಕಾದ ಕಪ್ಪು ರೂಪ. ಒಣಗಿಸಲು ನೈಟ್ರೋಜನ್ ಗಾಳಿ ಬಳಸುತ್ತಿದ್ದೀರಾ? ನಿಮ್ಮ ಪೋಸ್ಟ್‌ನಲ್ಲಿ ಅದರ ಮಾತೇ ಇಲ್ಲ.

ಕಡಲತಡಿ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಗಾಳಿ ಬಳಸುತ್ತಿಲ್ಲ. ಗಾಜನ್ನು 60 ಡಿಗ್ರಿ ಪ್ಲೇಟ್ ಮೇಲೆ ಇಟ್ಟು ತಾನಾಗಿಯೇ ಒಣಗಲು ಬಿಡುತ್ತಿದ್ದೆ.

ಇವತ್ತು ಕಿತ್ತು ನೋಡಿದೆ. ನೀವು ಹೇಳಿದ್ದೇ ಸರಿ. ಮೇಲೆ ಅಷ್ಟು ಚೆಂದ ಇದ್ದ ಪದರದ ಅಡಿ ಜೇನುಗೂಡಿನ ಹಾಗಿದೆ. ಕ್ಲೋರೈಡ್ 10 ಶೇಕಡಾ ಇದ್ದ ಹಳೆ ಸ್ಯಾಂಪಲ್ ಕೂಡ ಕಿತ್ತೆ, ಅದರಲ್ಲಿ ಗುಳಿ ಕಡಿಮೆ. ಮೂರು ತಿಂಗಳು ಮೇಲಿನ ಚಿತ್ರ ನೋಡಿಕೊಂಡೇ ಪ್ರಮಾಣ ಏರಿಸುತ್ತಾ ಹೋದೆ, ಅಡಿ ಹೀಗಿರಬಹುದು ಅಂತ ಹೊಳೆಯಲೇ ಇಲ್ಲ. ಎಕ್ಸ್‌ಆರ್‌ಡಿಯಲ್ಲಿ 12.7ರಲ್ಲಿ ಸಣ್ಣ ಪೀಕ್ ಇದೆ, 11.8ರಲ್ಲಿ ಏನೂ ಇಲ್ಲ.

ಇಂಗಾಲದ ಸೆಲ್:

ಈ ಚರ್ಚೆ ನೋಡಿ ಖುಷಿಯಾಯಿತು. ನಾನು ಬ್ರಿಟನ್ನಿನಲ್ಲಿ ಪೋಸ್ಟ್‌ಡಾಕ್, ಊರು ಧಾರವಾಡ. ನಾವು ಮಾಡುವ ಪ್ರಿಂಟಿಂಗ್ ಪೂರ್ತಿ ಬೇರೆ, ಆದರೆ ತೇವದ ಪ್ರಶ್ನೆಗೆ ಅಲ್ಲಿಂದ ಒಂದು ಉತ್ತರ ಇದೆ.

ನಮ್ಮಲ್ಲಿ ಪೆರೊವ್‌ಸ್ಕೈಟ್ ಕೊನೆಗೆ ಬರುತ್ತದೆ. ಮೊದಲು ಟೈಟಾನಿಯಂ ಡೈಆಕ್ಸೈಡ್, ಜಿರ್ಕೋನಿಯಂ ಡೈಆಕ್ಸೈಡ್, ಮೇಲೆ ಇಂಗಾಲ, ಮೂರನ್ನೂ ಸ್ಕ್ರೀನ್ ಪ್ರಿಂಟ್ ಮಾಡುತ್ತೇವೆ. ಟೀ ಶರ್ಟ್ ಮೇಲೆ ಅಕ್ಷರ ಹಾಕುವ ಅದೇ ವಿಧಾನ. ಮೂರೂ ಸಣ್ಣ ಸಣ್ಣ ರಂಧ್ರ ಇರುವ ಪದರಗಳು, ಇಂಗಾಲವೊಂದೇ ಹತ್ತು ಮೈಕ್ರಾನ್‌ಗಿಂತ ದಪ್ಪ. ಅದರ ಮೇಲೆ ಇಂಕು ಹನಿಸಿದರೆ ಕೆಳಗಿನ ತನಕ ಇಳಿಯಬೇಕು, ಇಳಿದು ಆ ರಂಧ್ರಗಳ ಒಳಗೇ ಹರಳಾಗಬೇಕು. ಇಲ್ಲಿ ಗ್ರೇನ್ ದೊಡ್ಡದಾಗಲು ಜಾಗವೇ ಇಲ್ಲ. ರಂಧ್ರ ಪೂರ್ತಿ ತುಂಬಿತಾ ಅನ್ನುವುದೊಂದೇ ನಮ್ಮ ಚಿಂತೆ.

ಚೀನಾದ ವುಹಾನ್‌ನಲ್ಲಿ ಹಾಂಗ್‌ವೇ ಹಾನ್ ಅವರ ಗುಂಪು 2014ರಲ್ಲಿ ಇದಕ್ಕೆ 5-ಅಮೋನಿಯಂ ವ್ಯಾಲೆರಿಕ್ ಆಸಿಡ್ ಹಾಕಿತು. ನಾವು ಚಿಕ್ಕದಾಗಿ ಆವಾ ಅನ್ನುತ್ತೇವೆ. ಈ ಅಣುವಿನ ಒಂದು ತುದಿ ಟೈಟಾನಿಯಂ ಡೈಆಕ್ಸೈಡ್‌ನ ಗೋಡೆಗೆ ಅಂಟಿಕೊಳ್ಳುತ್ತದೆ, ಇನ್ನೊಂದು ತುದಿ ಪೆರೊವ್‌ಸ್ಕೈಟ್ ಹರಳಿನೊಳಗೆ ಕೈ ಚಾಚುತ್ತದೆ. ಹಾಗಾಗಿ ಹರಳು ಗೋಡೆಯಿಂದಲೇ ಬೆಳೆಯಲು ಶುರು ಮಾಡುತ್ತದೆ, ರಂಧ್ರ ಚೆನ್ನಾಗಿ ತುಂಬುತ್ತದೆ. 12.8% ಪ್ರಮಾಣೀಕೃತ ದಕ್ಷತೆ ಬಂತು, ಪೂರ್ತಿ ಬೆಳಕಿನಲ್ಲಿ ಸಾವಿರ ಗಂಟೆ ದಾಟಿತು. 2017ರಲ್ಲಿ ಸ್ವಿಟ್ಜರ್ಲೆಂಡ್‌ನ ಇಪಿಎಫ್‌ಎಲ್ ತಂಡ ಇದೇ ಅಣುವನ್ನು ಬಳಸಿ, 10 ಸೆಂಟಿಮೀಟರ್ ಚೌಕದ ಮಾಡ್ಯೂಲ್‌ಗಳನ್ನು 10,000 ಗಂಟೆ, ಅಂದರೆ ಒಂದು ವರ್ಷಕ್ಕಿಂತ ಜಾಸ್ತಿ ಓಡಿಸಿ ತೋರಿಸಿತು. ಒದ್ದೆಪದರ ಅವರು ಕೇಳಿದ ಎರಡನೇ ಪ್ರಶ್ನೆಗೆ ಇದು ಚೆನ್ನಾಗಿ ಹೊಂದುತ್ತದೆ. ಆವಾ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಅದು ಉಳಿದದ್ದಕ್ಕೇ ಸೆಲ್ ಬಾಳಿಕೆ ಬರುವುದು. ಅದಕ್ಕೆ ಬೆಲೆಯೂ ಇದೆ, ಈ ಸೆಲ್‌ಗಳು ಬೆಳಕು ಬಿದ್ದ ಮೇಲೆ ತಮ್ಮ ಪೂರ್ತಿ ಕರೆಂಟಿಗೆ ಬರಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತವೆ. ಅಳೆಯುವವರಿಗೆ ತಾಳ್ಮೆ ಬೇಕು.

ಈಗ ತೇವ. ತೇವ ಪೆರೊವ್‌ಸ್ಕೈಟ್‌ನ ಶತ್ರು ಅಂತ ನಾವೆಲ್ಲ ಓದಿಕೊಂಡು ಬಂದವರು. ತಯಾರಾದ ಸೆಲ್‌ಗೆ ಅದು ನಿಜ. ಆದರೆ ಹರಳು ಬೆಳೆಯುವ ಹೊತ್ತಿನಲ್ಲಿ ನೀರು ಕೂಡ ಒಂದು ಅಡಿಟಿವ್. ಅದೇ ವುಹಾನ್ ಗುಂಪು 2017ರಲ್ಲಿ ಅಮೋನಿಯಂ ಕ್ಲೋರೈಡ್ ಹಾಕಿ, 35 ಶೇಕಡಾ ತೇವದ ಗಾಳಿಯಲ್ಲಿ ಹರಳು ಬೆಳೆಸಿತು. ನೀರಿನ ಅಣುಗಳು ಸೇರಿಕೊಂಡ ಒಂದು ಮಧ್ಯದ ಹಂತ ಉಂಟಾಗಿ, ಅದು ನಿಧಾನಕ್ಕೆ ಒಳ್ಳೆಯ ಪೆರೊವ್‌ಸ್ಕೈಟ್ ಆಗಿ ಬದಲಾಗುತ್ತದೆ. 15.6% ಬಂತು. ನಾವೂ ಆವಾ ಸೆಲ್‌ಗಳನ್ನು ತೇವದ ಪೆಟ್ಟಿಗೆಯಲ್ಲಿ ಸಣ್ಣ ಬಿಸಿಯಲ್ಲಿ ಇಡುತ್ತೇವೆ, ಒಳಗಿನ ಹರಳು ಮತ್ತೆ ಜೋಡಿಕೊಂಡು ಕರೆಂಟ್ ಏರುತ್ತದೆ.

ಇದನ್ನು ಓದಿ ನಿಮ್ಮ ಬ್ಲೇಡ್ ಪದರವನ್ನು ತೇವಕ್ಕೆ ಒಡ್ಡಬೇಡಿ, ದಯವಿಟ್ಟು. ನಮ್ಮ ಹರಳು ಇಂಗಾಲದ ಹೊದಿಕೆಯ ಕೆಳಗೆ ಬೆಚ್ಚಗೆ ಕೂತಿರುತ್ತದೆ, ನಿಮ್ಮದು ಬಯಲಿನಲ್ಲಿ ಅರ್ಧ ಮೈಕ್ರಾನ್ ದಪ್ಪಕ್ಕೆ ಮಲಗಿರುತ್ತದೆ. ಜೊತೆಗೆ ಡಿಎಂಎಸ್‌ಒ ಗಾಳಿಯಿಂದ ನೀರು ಹೀರುತ್ತದೆ. ನಿಮ್ಮ ಕೋಣೆಯ ತೇವ ದಿನದಿನಕ್ಕೆ ಬದಲಾಗುತ್ತಿದ್ದರೆ ನಿಮ್ಮ ಇಂಕಿನಲ್ಲಿ ಅಳತೆಯಿಲ್ಲದ ಇನ್ನೊಂದು ಅಡಿಟಿವ್ ಇದ್ದ ಹಾಗೆ. ಪ್ರತಿ ಬ್ಯಾಚಿನ ಪಕ್ಕ ತೇವದ ಸಂಖ್ಯೆ ಬರೆದಿಡಿ. ಸಾಧ್ಯವಾದರೆ ಕೋಟರ್ ಸುತ್ತ ಅಕ್ರಿಲಿಕ್ ಡಬ್ಬ ಕಟ್ಟಿಸಿ ಒಣ ಗಾಳಿ ಬಿಡಿ. ದುಬಾರಿ ಕೆಲಸವೇನಲ್ಲ.

ಪ್ಯಾನ್ ಹೌಸ್:

ನಾನು ಸೋಲಾರ್‌ನವನಲ್ಲ. ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ 22 ವರ್ಷ ಪ್ಯಾನ್ ಹೌಸ್‌ನಲ್ಲಿ ಕೆಲಸ ಮಾಡಿದವನು. ಮಗಳು ಎಂಎಸ್ಸಿ ಓದುತ್ತಾಳೆ, ಅವಳು ಈ ಚರ್ಚೆ ತೋರಿಸಿದಳು. ಓದುತ್ತಾ ಹೋದ ಹಾಗೆ ಇದು ನಮ್ಮದೇ ಕೆಲಸ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.

ಪ್ಯಾನ್‌ನಲ್ಲಿ ರಸ ಕುದಿಸಿ ಗಟ್ಟಿ ಮಾಡುತ್ತಾ ಬಂದಾಗ ಒಂದು ಹದ ಬರುತ್ತದೆ. ಆಗ ಪಾಕದಲ್ಲಿ ಸಕ್ಕರೆ ಜಾಸ್ತಿ ಇರುತ್ತದೆ, ಆದರೆ ತಾನಾಗಿ ಹರಳಾಗುವುದಿಲ್ಲ. ಆ ಹದದಲ್ಲಿ ನಾವು ಬೀಜ ಹಾಕುತ್ತೇವೆ. ಸಕ್ಕರೆಯನ್ನು ಸ್ಪಿರಿಟ್‌ನಲ್ಲಿ ನುಣ್ಣಗೆ ಅರೆದ ಸ್ಲರಿ ಅದು. ಎಷ್ಟು ಬೀಜ ಹಾಕುತ್ತೀರೋ ಅಷ್ಟೇ ಹರಳು ಬೆಳೆಯಬೇಕು. ಹದ ಮೀರಿ ಗಟ್ಟಿಯಾದರೆ ಬೇಡದ ಸಣ್ಣ ಹರಳು ತಾನಾಗಿ ಹುಟ್ಟಿಬಿಡುತ್ತದೆ, ಅದಕ್ಕೆ ನಾವು ಫಾಲ್ಸ್ ಗ್ರೇನ್ ಅನ್ನುತ್ತೇವೆ. ಆಗ ಸ್ವಲ್ಪ ನೀರು ಬಿಟ್ಟು ಅದನ್ನು ಕರಗಿಸಿ ಮತ್ತೆ ಹದಕ್ಕೆ ತರಬೇಕು. ಒಬ್ಬ ಒಳ್ಳೆಯ ಪ್ಯಾನ್ ಮನ್‌ಗೆ ಇದೆಲ್ಲ ಗಾಜಿನ ಮೇಲೆ ಪಾಕ ಸವರಿ, ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಇನ್ನು ನಿಮ್ಮ ಸೂಜಿ. ಕಬ್ಬು ಕಡಿದು ಮೂರ್ನಾಲ್ಕು ದಿನ ಗದ್ದೆಯಲ್ಲೋ ಗಾಡಿಯಲ್ಲೋ ಬಿಸಿಲಿಗೆ ಬಿದ್ದಿದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಸೇರಿ ಡೆಕ್ಸ್ಟ್ರಾನ್ ಅನ್ನುವ ಅಂಟು ಪದಾರ್ಥ ಹುಟ್ಟುತ್ತದೆ. ಆ ಕಬ್ಬಿನ ಸಕ್ಕರೆ ಹರಳು ಚೌಕಾಕಾರ ಬಿಟ್ಟು ಸೂಜಿಯ ಹಾಗೆ ಉದ್ದ ಬೆಳೆಯುತ್ತದೆ. ನಮ್ಮ ಕೆಮಿಸ್ಟ್ ಹೇಳುತ್ತಿದ್ದರು, ಅದು ಹರಳಿನ ಕೆಲವು ಮುಖಗಳಿಗೆ ಅಂಟಿಕೊಂಡು ಆ ಕಡೆ ಬೆಳೆಯಲು ಬಿಡುವುದಿಲ್ಲ, ಹಾಗಾಗಿ ಉಳಿದ ಕಡೆಗೆ ಬೆಳೆಯುತ್ತದೆ ಅಂತ. ಮನೆಯಲ್ಲಿ ಜಾಮೂನು ಪಾಕಕ್ಕೆ ನಿಂಬೆರಸ ಹಿಂಡುತ್ತೇವಲ್ಲ, ಅದೂ ಇಂಥದ್ದೇ. ಹುಳಿ ಬಿದ್ದರೆ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅವು ನಡುವೆ ಬಂದು ಪಾಕ ಹರಳುಗಟ್ಟದಂತೆ ತಡೆಯುತ್ತವೆ.

ನನ್ನ ಪ್ರಶ್ನೆ ಇಷ್ಟೇ. ನಿಮ್ಮಲ್ಲಿ ಬೀಜ ಹಾಕುವ ಪದ್ಧತಿ ಇಲ್ಲವೇ?

ಒದ್ದೆಪದರ:

ಪ್ಯಾನ್ ಹೌಸ್ ಸರ್, ಬರೆದದ್ದು ತುಂಬಾ ಒಳ್ಳೆಯದಾಯಿತು. ತಿದ್ದುವಂಥದ್ದು ಏನೂ ಇಲ್ಲ. ಒಂದು ಅಣು ಹರಳಿನ ಒಂದು ಮುಖಕ್ಕೆ ಅಂಟಿ ಬೆಳವಣಿಗೆಯ ದಿಕ್ಕು ತಿರುಗಿಸುತ್ತದೆ ಅನ್ನುವುದನ್ನು ನಾವೂ ಅಡಿಟಿವ್‌ಗಳಲ್ಲಿ ಬಳಸುತ್ತೇವೆ, ಬೇಕಾದ ಮುಖ ಮೇಲೆ ಬರಲಿ ಅಂತ. ಬೀಜ ಹಾಕುವುದೂ ಇದೆ. ಸೀಸಿಯಂ ಇರುವ ಪೆರೊವ್‌ಸ್ಕೈಟ್ ಬೀಜ ಮೊದಲೇ ಕೊಟ್ಟು ಅದರ ಮೇಲೆ ಫಾರ್ಮಮಿಡಿನಿಯಂ ಪೆರೊವ್‌ಸ್ಕೈಟ್ ಬೆಳೆಸುತ್ತಾರೆ, ಆಗ ಹಳದಿ ರೂಪಕ್ಕೆ ಹೋಗದೆ ಕಪ್ಪು ರೂಪದಲ್ಲೇ ಬೆಳೆಯುತ್ತದೆ. ವ್ಯತ್ಯಾಸ ಏನೆಂದರೆ ನಿಮಗೆ ಹದ ಕಾಯಲು ಗಂಟೆಗಟ್ಟಲೆ ಸಮಯ ಇರುತ್ತದೆ, ತಪ್ಪಾದರೆ ನೀರು ಬಿಟ್ಟು ಸರಿ ಮಾಡಬಹುದು. ನಮಗೆ ಇರುವುದು ಕೆಲವೇ ಸೆಕೆಂಡು. ಆ ಸೆಕೆಂಡುಗಳನ್ನು ಸ್ವಲ್ಪ ಹಿಗ್ಗಿಸಿಕೊಡಲಿ ಅಂತಲೇ ಅಡಿಟಿವ್ ಹಾಕುವುದು.

ಕಡಲತಡಿ ಅವರೇ, ಮುಂದೆ ಏನು ಮಾಡಬೇಕು ಅಂತ ನನಗೆ ಅನ್ನಿಸುವುದು ಹೀಗೆ. ಮೊದಲು ಏರ್ ನೈಫ್ ಹಾಕಿ. ಬ್ಲೇಡ್ ಹಿಂದೆಯೇ ಅದೇ ವೇಗದಲ್ಲಿ ನೈಟ್ರೋಜನ್ ಬೀಸುತ್ತಾ ಹೋಗಬೇಕು. ಅದು ಕ್ಲೋರೋಬೆಂಜೀನ್ ಮಾಡುತ್ತಿದ್ದ ಕೆಲಸ ಮಾಡುತ್ತದೆ, ಪದರ ಬೇಗ ಮಿತಿ ದಾಟಿ ಬೀಜ ಜಾಸ್ತಿ ಹುಟ್ಟುತ್ತದೆ. ಇದೊಂದರಿಂದಲೇ ಸೂಜಿ ಬಹಳ ಕಡಿಮೆಯಾಗುತ್ತದೆ. ಗಾಳಿ ಜಾಸ್ತಿಯಾದರೆ ಪದರದಲ್ಲಿ ಅಲೆ ಏಳುತ್ತದೆ, ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸಿ.

ಆಮೇಲೆ ಸಾಲ್ವೆಂಟ್. ತುಂಬಾ ಜನ ಡಿಎಂಎಫ್ ಬಿಟ್ಟು 2-ಮೆಥಾಕ್ಸಿ ಎಥನಾಲ್‌ಗೆ ಹೋಗಿದ್ದಾರೆ. 124 ಡಿಗ್ರಿಗೆ ಕುದಿಯುತ್ತದೆ, ಲೆಡ್ ಅನ್ನು ಅಷ್ಟು ಗಟ್ಟಿ ಹಿಡಿಯುವುದಿಲ್ಲ, ಗಾಳಿ ಬೀಸಿದರೆ ಚಕ್ಕನೆ ಒಣಗುತ್ತದೆ. ಅದಕ್ಕೆ ಡಿಎಂಎಸ್‌ಒ ಲೆಡ್ ಹಿಡಿಯಲು ಬೇಕಾದಷ್ಟು ಮಾತ್ರ, ಅಂದರೆ ತೀರಾ ಸ್ವಲ್ಪ. ಆದರೆ ಇದು ಗರ್ಭಕ್ಕೆ ಮತ್ತು ಸಂತಾನ ಶಕ್ತಿಗೆ ಹಾನಿ ಮಾಡುವ ದ್ರವ. ಗಾಳಿಯಲ್ಲಿ, ಚರ್ಮದ ಮೂಲಕ, ಎರಡೂ ಕಡೆ ಒಳಗೆ ಹೋಗುತ್ತದೆ. ಕೋಟರ್ ಫ್ಯೂಮ್ ಹುಡ್ (ವಿಷದ ಆವಿಯನ್ನು ಹೊರಗೆ ಎಳೆಯುವ ಗೂಡು) ಒಳಗೆ ಇಲ್ಲದಿದ್ದರೆ ಆ ಬಾಟಲಿ ತೆರೆಯಲೇ ಬೇಡಿ. ನಿಮ್ಮ ಲ್ಯಾಬ್‌ನಲ್ಲಿ ಆ ವ್ಯವಸ್ಥೆ ಇಲ್ಲ ಅಂದರೆ ಡಿಎಂಎಫ್‌ನಲ್ಲೇ ಇರಿ. ಅದೂ ಸಾಧು ಅಲ್ಲ, ಅದಕ್ಕೂ ಹುಡ್ ಬೇಕು. ಡಿಎಂಎಸ್‌ಒ ಕಡಿಮೆ ಮಾಡಿ, ಏರ್ ನೈಫ್ ಮೇಲೆ ಭಾರ ಹಾಕಿ.

ಮೂರನೆಯದು ಇಂಕಿನ ಹರಿವು. ಒಣಗುವಾಗ ಅಂಚಿನ ಕಡೆಗೆ ಇಂಕು ಓಡುತ್ತದೆ, ಕಾಫಿ ಚೆಲ್ಲಿದಾಗ ಅಂಚಿನಲ್ಲಿ ಕಪ್ಪು ಉಂಗುರ ಉಳಿಯುತ್ತದಲ್ಲ, ಹಾಗೆ. ಹುವಾಂಗ್ ಗುಂಪು 2018ರಲ್ಲಿ ಇದಕ್ಕೆ ಲೆಸಿಥಿನ್ ಹಾಕಿತು, ಮೊಟ್ಟೆಯ ಹಳದಿಯಲ್ಲಿ, ಸೋಯಾದಲ್ಲಿ ಇರುವ ಅದೇ ಲೆಸಿಥಿನ್. ಹತ್ತು ಲಕ್ಷಕ್ಕೆ ಸುಮಾರು 20 ಪಾಲು, ಅಷ್ಟೇ. ಇಂಕಿನ ಓಡಾಟ ನಿಂತು, ಗಂಟೆಗೆ 180 ಮೀಟರ್ ವೇಗದಲ್ಲಿ ಬ್ಲೇಡ್ ಎಳೆದರೂ ಪದರ ಸಮನಾಗಿ ಬಂತು. ಅಂದರೆ ಸೆಕೆಂಡಿಗೆ 5 ಸೆಂಟಿಮೀಟರ್. ನನಗೆ ಅಡಿಟಿವ್‌ಗಳಲ್ಲಿ ಅತಿ ಇಷ್ಟವಾದದ್ದು ಇದು. ಇದು ಹರಳನ್ನು ನೇರವಾಗಿ ಮುಟ್ಟುವುದಕ್ಕಿಂತ ಹರಳು ಹುಟ್ಟುವ ನೆಲವನ್ನು ಸಮತಟ್ಟು ಮಾಡಿಕೊಡುತ್ತದೆ. ಇಟಲಿಯ ಲೆಚ್ಚೆಯಲ್ಲಿ ಕೆಲವರು ಇಂಕಿಗೆ ಪಿಷ್ಟ ಹಾಕಿ ಗಟ್ಟಿ ಮಾಡಿ, ಆ್ಯಂಟಿಸಾಲ್ವೆಂಟ್ (ಕ್ಲೋರೋಬೆಂಜೀನ್ ಥರದ್ದು) ಇಲ್ಲದೆಯೇ ಪದರ ಕೂರಿಸಿದ್ದಾರೆ. ಅದೂ ಇದೇ ದಾರಿ.

ಇಷ್ಟೆಲ್ಲ ಆದ ಮೇಲೆ ಕೊನೆಗೆ ಕ್ಲೋರೈಡ್. 40ರಿಂದ ಇಳಿಸಿ. ಪ್ರತಿ ಸಲ ಅಡಿ ಕಿತ್ತು ನೋಡಿ ನಿಲ್ಲಿಸುವ ಜಾಗ ಹುಡುಕಿ. ಒಂದೇ ದಿನ ಎರಡು ಬದಲಾವಣೆ ಮಾಡಬೇಡಿ.

ಬ್ಲೇಡ್ ವೇಗದ ಬಗ್ಗೆಯೂ ಒಂದು ಮಾತು. ತೀರಾ ನಿಧಾನಕ್ಕೆ ಎಳೆದರೆ ಪದರ ಬ್ಲೇಡ್ ಹತ್ತಿರವೇ ಒಣಗುತ್ತಾ ಹೋಗುತ್ತದೆ, ಆ ವ್ಯಾಪ್ತಿಯಲ್ಲಿ ವೇಗ ಏರಿಸಿದಷ್ಟೂ ಪದರ ತೆಳು. ಒಂದು ಹಂತ ದಾಟಿದ ಮೇಲೆ ಒದ್ದೆ ಪದರವೇ ಎಳೆದು ಹರಡುತ್ತದೆ, ಅಲ್ಲಿಂದ ಮುಂದೆ ವೇಗ ಏರಿಸಿದಷ್ಟೂ ದಪ್ಪ. ನೀವು ಯಾವ ಕಡೆ ಇದ್ದೀರಿ ಅಂತ ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ದಪ್ಪ ಬದಲಾದದ್ದನ್ನು ಅಡಿಟಿವ್‌ನ ಪರಿಣಾಮ ಅಂದುಕೊಳ್ಳುತ್ತೀರಿ.

ಕಡಲತಡಿ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ನಮ್ಮ ವರ್ಕ್‌ಶಾಪಿನವರು ಸ್ಟೀಲ್ ಕೊಳವೆಗೆ ಸೀಳು ಕೊಯ್ದು ಏರ್ ನೈಫ್ ಮಾಡಿಕೊಟ್ಟರು. ಅಕ್ರಿಲಿಕ್ ಡಬ್ಬವೂ ಆಯಿತು, ಒಳಗೆ ತೇವ ಈಗ 30ರ ಹತ್ತಿರ ನಿಲ್ಲುತ್ತದೆ. ಕೋಟರ್ ಅನ್ನು ಹುಡ್ ಒಳಗೆ ಇಡಲು ಆಗಲಿಲ್ಲ, ಜಾಗ ಸಾಲದು. ಅದಕ್ಕೆ ಡಬ್ಬದಿಂದ ಹುಡ್‌ಗೆ ಎಕ್ಸಾಸ್ಟ್ ಕೊಳವೆ ಹಾಕಿಸಿದೆವು, ಡಿಎಂಎಫ್‌ನಲ್ಲೇ ಉಳಿದೆ.

ಏರ್ ನೈಫ್ ಹಾಕಿದ ಮೊದಲ ದಿನವೇ ಸೂಜಿ ಹೋಯಿತು. ಮೂರು ತಿಂಗಳು ಅಡಿಟಿವ್‌ನಲ್ಲಿ ಹುಡುಕುತ್ತಿದ್ದದ್ದು ಗಾಳಿಯಲ್ಲಿತ್ತು. ಪದರ ಕನ್ನಡಿ ಥರ ಹೊಳೆಯುತ್ತದೆ, ಗೈಡ್ ಬಂದು ತಮ್ಮ ಮುಖ ನೋಡಿಕೊಂಡು ಹೋದರು. ಡಿಎಂಎಸ್‌ಒ ಹತ್ತು ಪಾಲಿಗೆ ಒಂದು ಪಾಲಿಗಿಂತ ಕಡಿಮೆ ಮಾಡಿದೆ, ಲೆಸಿಥಿನ್ ಸ್ವಲ್ಪ ಸೇರಿಸಿದೆ, ಕ್ಲೋರೈಡ್ 15 ಶೇಕಡಾಕ್ಕೆ ತಂದೆ. ಗ್ರೇನ್ ಈಗ ಅರ್ಧ ಮೈಕ್ರಾನ್ ಅಷ್ಟೇ, ಮೊದಲಿನದಕ್ಕಿಂತ ಚಿಕ್ಕದು. ಆದರೆ ಅಡಿ ಕಿತ್ತು ನೋಡಿದರೆ ಗುಳಿ ಬೆರಳೆಣಿಕೆಯಷ್ಟು. ಸೆಲ್ 15.5% ಬಂತು. ಶಾರ್ಟ್ ಒಂದೂ ಇಲ್ಲ.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಸೋಮವಾರ ಬೆರೆಸಿದ ಇಂಕಿನಲ್ಲಿ ಸೋಮವಾರ ಮಾಡಿದ ಸೆಲ್‌ಗಳು ಚೆನ್ನಾಗಿದ್ದವು. ಅದೇ ಬಾಟಲಿಯಿಂದ ಗುರುವಾರ ಮಾಡಿದವು 13%. ಬೇರೆ ಏನೂ ಬದಲಾಗಿಲ್ಲ, ತೇವ ಕೂಡ ಅಷ್ಟೇ ಇತ್ತು, ಬರೆದಿಟ್ಟಿದ್ದೇನೆ.

ಇಂಗಾಲದ ಸೆಲ್:

ಅದು ಕ್ಲೋರೈಡ್‌ನಿಂದಲೇ. ಇಂಕಿನಲ್ಲಿ ಮೀಥೈಲ್ ಅಮೋನಿಯಂ ನಿಧಾನಕ್ಕೆ ಪ್ರೋಟಾನ್ ಬಿಟ್ಟು ಮೀಥೈಲ್ ಅಮೀನ್ ಆಗುತ್ತದೆ, ಅದು ಫಾರ್ಮಮಿಡಿನಿಯಂ ಜೊತೆ ಸೇರಿ ಬೇರೆಯದೇ ಅಣು ಆಗುತ್ತದೆ. ಆ ಹೊಸ ಅಣು ದೊಡ್ಡದು, ಪೆರೊವ್‌ಸ್ಕೈಟ್ ಚೌಕಟ್ಟಿನಲ್ಲಿ ಕೂರುವುದಿಲ್ಲ. ಗುರುವಾರದ ಹೊತ್ತಿಗೆ ನೀವು ಅಳೆದು ಹಾಕಿದ ಪ್ರಮಾಣ ಬಾಟಲಿಯಲ್ಲಿ ಇರಲೇ ಇಲ್ಲ, ಬದಲಿಗೆ ನೀವು ಹಾಕದ ಒಂದು ಕಲ್ಮಶ ಸೇರಿತ್ತು. ಫಾರ್ಮಮಿಡಿನಿಯಂ, ಸೀಸಿಯಂ ಇಂಕನ್ನು ಬೇರೆ ಬೆರೆಸಿಟ್ಟುಕೊಳ್ಳಿ. ಕ್ಲೋರೈಡ್ ಅನ್ನು ಕೋಟ್ ಮಾಡುವ ದಿನ ಬೆಳಿಗ್ಗೆ ಹಾಕಿ, ಬಾಟಲಿ ಮೇಲೆ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ. ಇಂಕನ್ನು ಬಿಸಿ ಪ್ಲೇಟ್ ಮೇಲೆ ಇಡಬೇಡಿ, ಬಿಸಿಯಲ್ಲಿ ಈ ಪ್ರತಿಕ್ರಿಯೆ ಇನ್ನೂ ಬೇಗ.

ಪ್ಯಾನ್ ಹೌಸ್:

ಕಡಿದ ಕಬ್ಬನ್ನು ಅದೇ ದಿನ ಅರೆಯಬೇಕು ಅಂತ ನಾವು ರೈತರಿಗೆ ಹೇಳುತ್ತಿದ್ದದ್ದು ಇದೇ ಕಾರಣಕ್ಕೆ. 15.5 ಬಂದದ್ದಕ್ಕೆ ಸಂತೋಷ ಆಯಿತಮ್ಮ. ಮಗಳಿಗೂ ಓದಿ ಹೇಳಿದೆ.

ಕಡಲತಡಿ:

ಥ್ಯಾಂಕ್ಸ್ ಸರ್, ನಿಮ್ಮ ಮಗಳಿಗೂ. ಇಂಕು ಕರಗಿರಲಿ ಅಂತ ನಾನು ರಾತ್ರಿಯೆಲ್ಲ 60 ಡಿಗ್ರಿಯಲ್ಲಿ ಇಡುತ್ತಿದ್ದೆ, ಅದನ್ನು ಇವತ್ತೇ ನಿಲ್ಲಿಸಿದೆ. ನಾಳೆ ಬೆಳಿಗ್ಗೆ ಕ್ಲೋರೈಡ್ ಹಾಕಿ ಒಂದು ಗಂಟೆ, ನಾಲ್ಕು ಗಂಟೆ, ಎಂಟು ಗಂಟೆ ಆದ ಮೇಲೆ ಮೂರು ಬ್ಯಾಚ್ ಕೋಟ್ ಮಾಡುತ್ತೇನೆ. ಮೂರರ ಅಡಿಭಾಗದ ಚಿತ್ರವನ್ನೂ ಇಲ್ಲೇ ಹಾಕುತ್ತೇನೆ.